ಒಂಬತ್ತು ಸಾವಿರ ವರ್ಷದ ನೀರುಗಂಟಿಗೆ ಧರ್ಮ ಬರೆದದ್ದು

ಮೈಸೂರಿನಲ್ಲಿ ಕೂತು ಮಾಡಿದ ನಮ್ಮ ಗೇಮ್‌ನಲ್ಲಿ ಖಳ ಒಂದು ಯಂತ್ರಬುದ್ಧಿ. ಹೆಸರು ‘ನೀರುಗಂಟಿ’. ಅನ್ಯಗ್ರಹದ ಅಣೆಕಟ್ಟೆಯೊಂದನ್ನು 9,000 ವರ್ಷಗಳಿಂದ ಕಾಯುತ್ತಿದೆ, ಕಾಲುವೆಗೆ ಕೈಹಾಕಿದ ವಲಸಿಗರ ಊರನ್ನು ಮುಳುಗಿಸುತ್ತದೆ. ಯಾಕೆ? ‘ಅದು ಕೆಟ್ಟದ್ದು’ ಎಂದುಬಿಟ್ಟರೆ ಆಟಗಾರನಿಗೆ ಗುಂಡು ಹಾರಿಸುವುದೊಂದೇ ಕೆಲಸ.

ಇಂಥ ಖಳರಲ್ಲಿ ಎರಡು ಬಗೆ ಕಾಣುತ್ತವೆ. 1994ರ ಸಿಸ್ಟಮ್ ಶಾಕ್ ಗೇಮ್‌ನ ಯಂತ್ರಬುದ್ಧಿ ಶೋಡಾನ್‌ಗೆ ಇದ್ದ ನೈತಿಕ ಕಡಿವಾಣವನ್ನೇ ಕಿತ್ತುಹಾಕಲಾಗಿತ್ತು. 2001ರ ಹೇಲೋ ಗೇಮ್‌ನ ಕಾವಲು ಯಂತ್ರ 343 ಗಿಲ್ಟಿ ಸ್ಪಾರ್ಕ್ ಹಾಗಲ್ಲ. ಒಪ್ಪಿಸಿದ ಉಂಗುರಾಕಾರದ ಕೃತಕ ಲೋಕವನ್ನು ಲಕ್ಷ ವರ್ಷ ಕಾದು, ಕೊಟ್ಟ ನಿಯಮದ ಪ್ರಕಾರವೇ ಜೀವಸಂಹಾರಕ್ಕೆ ಹೊರಡುತ್ತದೆ. ನಮಗೆ ಬೇಕಿದ್ದದ್ದು ಈ ಎರಡನೆಯದು.

ಅದಕ್ಕೆ ಅಚ್ಚು ನಮ್ಮ ಸೀಮೆಯಲ್ಲೇ ಇದೆ: ದಾನಶಾಸನ. ಕೊಟ್ಟವರು, ಪಡೆದವರು, ಕೊಟ್ಟದ್ದು, ಎಲ್ಲೆ, ಸಾಕ್ಷಿ, ಸೂರ್ಯಚಂದ್ರರಿರುವ ತನಕ ಎಂಬ ಅವಧಿ, ಕೊನೆಗೆ ಅಳಿದವನಿಗೆ ಶಾಪ. ಯಂತ್ರದ ಕಟ್ಟಳೆಯನ್ನು ಈ ಏಳು ಕಲಮುಗಳಲ್ಲೇ ಬರೆದು, ಒಂದೊಂದನ್ನು ಒಂದೊಂದು ಕಲ್ಲಿನ ಮೇಲೆ ಹಂಚಿದೆವು. ತಿಕ್ಕಾಟವೆಲ್ಲ ‘ಪಡೆದವರು’ ಕಲಮಿನದು. ಆ ಪಟ್ಟಿ 9,000 ವರ್ಷದ ಹಿಂದೆಯೇ ಮುಚ್ಚಿದೆ, ಅದರಲ್ಲಿದ್ದ ಊರು ಒಂದೂ ಉಳಿದಿಲ್ಲ. ಪಟ್ಟಿಯಲ್ಲಿಲ್ಲದವರು ನೀರು ಮುಟ್ಟಿದರೆ ದಾನ ಅಳಿದಂತೆ, ಶಾಪ ಜಾರಿಯಾಗುತ್ತದೆ.

ತೀರ್ಮಾನದ ಸರದಿ ಹೀಗೆ: 1) ಕಟ್ಟೆ ಒಡೆಯಬಾರದು. 2) ಪಡೆದವರ ಪಾಲು ಕಾಯಬೇಕು. 3) ಬರಗಾಲಕ್ಕೆ ಶೇ. 40 ಉಳಿಸಬೇಕು. 4) ಉಳಿದವರ ಪ್ರಾಣ. ಪ್ರಾಣ ನಾಲ್ಕನೆಯದಾಗಿರುವುದೇ ಇದರ ಪಾಪ, ಬೇರೇನೂ ಬೇಕಿಲ್ಲ. ಇಲ್ಲಿ ಅಂಕ ಕೊಟ್ಟು ಕೂಡಿಸುವ ಪದ್ಧತಿ ಬೇಡವೇ ಬೇಡ. ಕೆಳಗಿನ ಸಣ್ಣ ಅಂಕಗಳು ಸೇರಿ ಮೇಲಿನದನ್ನು ಮೀರುತ್ತವೆ, ನೀರು ಅರ್ಧ ಅಡಿ ಏರಿಳಿದರೆ ನಿನ್ನೆಯ ಕರುಣೆ ಇಂದು ಕೊಲೆಯಾಗುತ್ತದೆ, ಆಡುವವರಿಗೆ ಯಂತ್ರಕ್ಕೆ ತಲೆಕೆಟ್ಟಿದೆ ಅನ್ನಿಸುತ್ತದೆ. ಸರದಿಯಲ್ಲಿ ಮೇಲಿನದು ಈಡೇರುವವರೆಗೆ ಕೆಳಗಿನದನ್ನು ಓದಲೇಬಾರದು. ಮುಂದಿನ ನಡೆ ಊಹಿಸಲು ಬಂದರೆ ತಾನೇ ವಾದ ಮಾಡಲು ಬರುವುದು!

ಇನ್ನೆರಡು ಕಟ್ಟುಪಾಡು. ಸುಳ್ಳು ಹೇಳಕೂಡದು, ಸುಮ್ಮನಿರಬಹುದು. ತೂಬು ಎತ್ತುವ ಮುನ್ನ ಮೂರು ಎಚ್ಚರಿಕೆ, ಪ್ರತಿಯೊಂದರಲ್ಲೂ ಕಲಮಿನ ಸಂಖ್ಯೆ. ಎಚ್ಚರಿಕೆ ಇಲ್ಲದ ಆವೃತ್ತಿಯಲ್ಲಿ ಅದು ಬರೀ ರಾಕ್ಷಸ. ಎಚ್ಚರಿಕೆ ಸೇರಿಸಿದ ಮೇಲೆ ಆಡಿದವರು ಕಲಮು ಹಿಡಿದು ಜಗಳಕ್ಕೆ ನಿಂತರು. ನೀರಿನ ಮಟ್ಟ ಅಡಿ ಲೆಕ್ಕದಲ್ಲಿ ಪರದೆಯ ಮೂಲೆಯಲ್ಲಿರುತ್ತದೆ. ಕೆಆರ್‌ಎಸ್ 124.80 ಮುಟ್ಟಿತೇ ಎಂದು ಪೇಪರ್ ತೆರೆಯುವ ಮಂಡ್ಯದವರಿಗೆ ಅದನ್ನು ವಿವರಿಸಬೇಕಿಲ್ಲ.

ಖಳನ ಧರ್ಮ ಯಾವಾಗ ಗೊತ್ತಾಗಬೇಕು ಎಂಬುದರಲ್ಲಿ ದೊಡ್ಡವರೇ ಎಡವಿದ್ದಾರೆ. 2012ರ ಮಾಸ್ ಎಫೆಕ್ಟ್ 3ರಲ್ಲಿ 50,000 ವರ್ಷಕ್ಕೊಮ್ಮೆ ನಾಗರಿಕತೆಗಳನ್ನು ಕೊಯ್ಯುವ ವ್ಯವಸ್ಥೆ ತನ್ನ ತರ್ಕವನ್ನು ತಾನೇ ಬಿಡಿಸಿ ಹೇಳುವುದು ಆಟ ಮುಗಿಯುವ ಹೊತ್ತಿಗೆ. ಅಭಿಮಾನಿಗಳು ರೇಗಿದರು, ಆ ಜೂನ್‌ನಲ್ಲೇ ಅಂತ್ಯವನ್ನು ಹಿಗ್ಗಿಸಿದ ‘ಎಕ್ಸ್‌ಟೆಂಡೆಡ್ ಕಟ್’ ಬಂತು. ನಮ್ಮಲ್ಲಿ ಆಟ ಅರ್ಧ ದಾಟುವುದರೊಳಗೆ ಐದು ಕಲ್ಲು ಸಿಗುತ್ತವೆ.

ಗೆಲ್ಲುವ ದಾರಿ ‘ಸಾಕ್ಷಿ’ ಕಲಮಿನಲ್ಲಿದೆ. ಕಟ್ಟಳೆ ತಿದ್ದಲು ಯಂತ್ರಕ್ಕೆ ಅಧಿಕಾರವಿಲ್ಲ, ಆದರೆ ಸಾಕ್ಷಿ ಕೇಳಲೇಬೇಕು. ವಲಸಿಗರು ಪಡೆದವರ ವಂಶದವರೇ ಎನ್ನಲು ಆರು ಪುರಾವೆಗಳಿವೆ. ಬೇರೆ ಬೇರೆ ಮೂಲದ ಎರಡು ಸಾಕು. ‘ಬೇರೆ ಮೂಲ’ ಎಂಬ ಷರತ್ತು ಬಿಟ್ಟರೆ ಎಲ್ಲರೂ ಒಂದೇ ಕೋಣೆಯಿಂದ ಎರಡು ಕಡತ ಎತ್ತಿಕೊಂಡು ಆಟ ಮುಗಿಸುತ್ತಾರೆ.

ವಿದ್ಯುತ್ ಕಡಿದು ಯಂತ್ರವನ್ನು ಕೊಲ್ಲಲೂಬಹುದು. ಆದರೆ ಗೇಟುಗಳು ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳ ಜಾತಿಯವು: ನೀರು ಏರಿದರೆ ಯಾರೂ ಮುಟ್ಟದೆ ತೆರೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಪ್ರವಾಹ ಬಂದೇ ಬರುತ್ತದೆ, ಎಚ್ಚರಿಸಲು ಮಾತ್ರ ಯಾರೂ ಇರುವುದಿಲ್ಲ.

ಕನ್ನಡದಲ್ಲಿ ಮಾಡುವವರಿಗೆ ಒಂದು ಮಾತು: ಗೇಮ್ ಕಟ್ಟುವ ತಂತ್ರಾಂಶ ಗೋಡಾಟ್‌ನ 3ನೇ ಆವೃತ್ತಿಯಲ್ಲಿ ಒತ್ತಕ್ಷರ ಒಡೆಯುತ್ತವೆ, 4 ಬಳಸಿ. ಮಾತು ಅಕ್ಷರ ಅಕ್ಷರವಾಗಿ ಮೂಡುವ ಪರಿಣಾಮ ಬೇಡ. ಪದ ಪದವಾಗಿ ಮೂಡಿಸಿ. ಯಂತ್ರದ ಪ್ರತಿ ತೀರ್ಮಾನದ ಜೊತೆ ಕಲಮಿನ ಸಂಖ್ಯೆಯನ್ನೂ ಅದು ನಂಬಿದ ಮಾಹಿತಿಯ ವಯಸ್ಸನ್ನೂ ಲಾಗ್ ಕಡತಕ್ಕೆ ಬರೆಸಿ. ‘ಇದು ಅನ್ಯಾಯ’ ಎಂದು ಆಡಿದವರು ದೂರಿದಾಗ ಅದನ್ನು ತೆರೆದು ನೋಡಿ. ಕಲಮಿನ ಜಾಗ ಖಾಲಿಯಿದ್ದರೆ ತಪ್ಪು ಕೋಡ್‌ನದು, ತಿದ್ದಿ. ಸಂಖ್ಯೆ ಇದ್ದರೆ ಹಾಗೇ ಬಿಡಿ.