ಹಳೆಯ ಫೈಬರ್ ದೋಣಿಯ ಡೆಕ್‌ಗೆ ಯಾವ ಹಲಗೆ ಹಾಕಬೇಕು?

ಕಾಲಿಟ್ಟರೆ ತಗ್ಗುವ ಡೆಕ್‌ನ ಮೇಲೆಯೇ ಹೊಸ ಹಲಗೆ ಹೊಡೆದರೆ ದುಡ್ಡು ದಂಡ. ಮೊದಲು ಹಳೆಯದನ್ನು ಎಬ್ಬಿಸಿ ಕೆಳಗಿನ ಮರದ ತೊಲೆಗಳನ್ನು ಸುತ್ತಿಗೆಯಿಂದ ತಟ್ಟಿ. ಮಂದ ಸದ್ದು ಬಂದಲ್ಲಿ 5 ಮಿ.ಮೀ. ತೂತು ಕೊರೆದು ಹೊಟ್ಟು ನೋಡಿ. ಅದು ಕಪ್ಪಾಗಿ, ಒದ್ದೆಯಾಗಿ ಬೆರಳಿಗೆ ಅಂಟಿದರೆ ತೊಲೆ ಲಡ್ಡಾಗಿದೆ, ಬದಲಿಸಲೇಬೇಕು. ಡೆಕ್ ಕೆಳಗೆ ತುಂಬಿರುವ, ನೀರು ಕುಡಿದ ಫೋಮನ್ನೂ ತೆಗೆಯಿರಿ. ಆದರೆ ದೋಣಿಗೆ ನೀರು ತುಂಬಿದರೆ ತೇಲಿಸುವುದು ಅದೇ ಆದ್ದರಿಂದ, ಅಷ್ಟೇ ಗಾತ್ರದ ನೀರು ಹೀರದ ಫೋಮ್ ಮತ್ತೆ ತುಂಬಬೇಕು.

ನಮ್ಮ ಆಯ್ಕೆ ಭಾರತೀಯ ಮಾನಕ ಐಎಸ್ 710ರ ಮುದ್ರೆಯ ಮರೈನ್ ಪ್ಲೈವುಡ್. ಅಂಗಡಿಯವರು ‘ವಾಟರ್‌ಪ್ರೂಫ್’ ಎಂದು ಕೊಡುವುದು ಸಾಮಾನ್ಯವಾಗಿ ಐಎಸ್ 303ರ ಬಿಡಬ್ಲ್ಯುಆರ್, ಅಂದರೆ ಕುದಿನೀರು ತಡೆಯುವ ದರ್ಜೆಯ ಪ್ಲೈ. ಅದು ಅಡುಗೆಮನೆಯ ಕಪಾಟಿಗೆ ಸರಿ, ದೋಣಿಗಲ್ಲ. ಖರೀದಿಸುವ ಮುನ್ನ ಒಂದು ತುಂಡನ್ನು ಕೆಲವು ಗಂಟೆ ಕುದಿಸಿ, ಒಣಗಿಸಿ, ಮತ್ತೆ ಕುದಿಸಿ. ಪದರ ಬಿಟ್ಟುಕೊಂಡರೆ ಆ ಮಾಲು ಬೇಡ. ಕತ್ತರಿಸಿದ ಅಂಚಿನಲ್ಲಿ ಪೊಳ್ಳು ಕಂಡರೂ ಬೇಡ, ನೀರು ನಿಲ್ಲುವುದು ಅಲ್ಲೇ. ತೊಲೆಗಳ ಅಂತರ ಒಂದಡಿಯಾದರೆ 12 ಮಿ.ಮೀ., ಒಂದೂವರೆ ಅಡಿಯಾದರೆ 18 ಮಿ.ಮೀ. ತೆಗೆದುಕೊಳ್ಳಿ. 12 ಮಿ.ಮೀ.ನ 8×4 ಅಡಿ ಹಾಳೆ ಸುಮಾರು 25 ಕಿಲೊ ತೂಗುತ್ತದೆ. ಸಣ್ಣ ದೋಣಿಯಲ್ಲಿ ಈ ಲೆಕ್ಕ ಮರೆಯಬೇಡಿ.

ಸಾಗುವಾನಿ ಚೆಂದ, ಕಾಲು ಜಾರುವುದಿಲ್ಲ. ಆದರೆ ಅದನ್ನು ಸ್ಕ್ರೂ ಹೊಡೆದು ಕೂರಿಸಿದರೆ ಪ್ರತಿ ಸ್ಕ್ರೂವೂ ಕೆಳಗಿನ ಪ್ಲೈಗೆ ನೀರಿಳಿಯುವ ದಾರಿ. ಬೇಕೇ ಬೇಕೆಂದರೆ ಅಂಟಿನಿಂದ ಮಾತ್ರ ಕೂರಿಸಿ. ಪೀಠೋಪಕರಣದ ಪಿವಿಸಿ ಬೋರ್ಡ್ ಬಿಸಿಲಿಗೆ ಬಾಗುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಕಾರ್ಪೆಟ್ ಅಂತೂ ಬೇಡವೇ ಬೇಡ.

ಯಾವ ಪ್ಲೈ ಆದರೂ ಎಷ್ಟು ಬಾಳುತ್ತದೆ ಎಂಬುದು ಎಪಾಕ್ಸಿ (ರೆಸಿನ್, ಹಾರ್ಡನರ್ ಎರಡನ್ನೂ ಕಲಸಿದರೆ ಗಟ್ಟಿಯಾಗುವ ಅಂಟು) ಲೇಪನದ ಮೇಲೆ ನಿಂತಿದೆ. ಅಳತೆಗೆ ಕತ್ತರಿಸಿ, ತೂತುಗಳನ್ನೆಲ್ಲ ಕೊರೆದ ಮೇಲೆ ಎರಡೂ ಮುಖಕ್ಕೆ ಮೂರು ಸಲ ಹಚ್ಚಿ. ಒಂದು ಹಾಳೆಗೆ ಸುಮಾರು ಎರಡೂವರೆ ಕಿಲೊ ಬೇಕು. ಅಂಚುಗಳು ಕುಡಿಯುವಷ್ಟು ಕುಡಿಯಲಿ. 6 ಮಿ.ಮೀ. ಬೋಲ್ಟ್ ಬರುವಲ್ಲಿ 12 ಮಿ.ಮೀ. ಕೊರೆದು, ಸಿಲಿಕಾ ಪುಡಿ ಬೆರೆಸಿದ ಗಟ್ಟಿ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ನಡುವೆ 6 ಮಿ.ಮೀ. ಕೊರೆಯಿರಿ. ಆಗ ಬೋಲ್ಟ್ ಸಡಿಲವಾದರೂ ನೀರು ಮರವನ್ನು ಮುಟ್ಟುವುದಿಲ್ಲ. ಸ್ಕ್ರೂ, ಬೋಲ್ಟ್ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವೇ ಇರಲಿ.

ಮೇಲ್ಮುಖಕ್ಕೆ ಗಾಜಿನ ಎಳೆಯಿಂದ ನೇಯ್ದ ಗ್ಲಾಸ್ ಬಟ್ಟೆಯನ್ನು ಎಪಾಕ್ಸಿಯಲ್ಲಿ ಹಾಸಿ. ಸಾಮಾನ್ಯ ಚಾಪೆಯಂಥ ಮ್ಯಾಟ್ ಎಪಾಕ್ಸಿಯಲ್ಲಿ ಸರಿಯಾಗಿ ನೆನೆಯುವುದಿಲ್ಲ. ಅದರ ಎಳೆ ಹಿಡಿದಿರುವ ಅಂಟು ಕರಗಲು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರಾವಕ ಬೇಕು.

ಕರಾವಳಿಯಲ್ಲಿ ಜೂನ್–ಜುಲೈನ ಮೀನುಗಾರಿಕೆ ರಜೆಯಲ್ಲಿ ಈ ಕೆಲಸ ಹಿಡಿಯುವ ಆಸೆಯಾಗುತ್ತದೆ. ಆದರೆ ಆ ಮಳೆಗಾಲದಲ್ಲಿ ಪ್ಲೈ ತೇವ ಹೀರಿರುತ್ತದೆ, ಎಪಾಕ್ಸಿ ಮೇಲೆ ಜಿಡ್ಡು ಕೂರುತ್ತದೆ, ಮುಂದಿನ ಲೇಪ ಹಿಡಿಯುವುದಿಲ್ಲ. ಲೇಪನವನ್ನು ಏಪ್ರಿಲ್–ಮೇ ತಿಂಗಳಲ್ಲೇ ಮುಗಿಸಿ. ಆ ಸೆಕೆಗೆ ನಿಧಾನದ ಹಾರ್ಡನರ್ ಬಳಸಿ, ಒಮ್ಮೆಗೆ 200 ಗ್ರಾಂ ಮಾತ್ರ ಕಲಸಿ, ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಡಬ್ಬದಲ್ಲೇ ಬಿಟ್ಟರೆ ಹೊಗೆಯಾಡಿ ಕಲ್ಲಾಗುತ್ತದೆ. ಮೇಲೆ ಜಿಡ್ಡು ಕಂಡರೆ ಬರೀ ನೀರು ಹಾಕಿ ಉಜ್ಜಿ ತೊಳೆದು, ಆಮೇಲೆ ಮರಳು ಕಾಗದ ಹಿಡಿಯಿರಿ.

ಕೊನೆಯ ಹೊದಿಕೆ ಬಳಕೆಗೆ ತಕ್ಕಂತೆ. ಬಲೆ, ಗಾಳ, ಐಸ್‌ಪೆಟ್ಟಿಗೆ ಎಳೆದಾಡುವ ದೋಣಿಗೆ ಮರಳು ಬೆರೆಸಿದ ಪಾಲಿಯುರೆಥೇನ್ ಬಣ್ಣ. ಇವಿಎ ಎಂಬ ಮೆತ್ತನೆಯ ಫೋಮ್ ಹಾಳೆ ಗಾಳಕ್ಕೆ ಸಿಕ್ಕು ಹರಿಯುತ್ತದೆ. ಪ್ರವಾಸಿಗರ ದೋಣಿಗೆ ಇವಿಎ ಚೆನ್ನ, ತಿಳಿಬಣ್ಣದ್ದೇ ಆರಿಸಿ. ಕಪ್ಪು ಹಾಳೆಯ ಮೇಲೆ ಮಧ್ಯಾಹ್ನ ಬರಿಗಾಲು ಇಡಲಾಗದು. ಡೆಕ್ ಮುಚ್ಚುವ ಮುನ್ನ ಪ್ರತಿ ತೊಲೆಯ ಬುಡದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಬಿಟ್ಟು, ಅದರ ಒಳಮೈಗೂ ಎಪಾಕ್ಸಿ ಸವರಿ, ಒಂದು ಬಕೆಟ್ ನೀರು ಸುರಿದು ಅದು ಹಿಂಭಾಗದ ಪಂಪಿನವರೆಗೆ ಹರಿಯುತ್ತದೆಯೇ ನೋಡಿ.