ನೂರೈವತ್ತು ಟನ್ನಿನ ಪ್ರೆಸ್ಸಿನಲ್ಲಿ ಮಂಗಳೂರು ಮುತ್ತಿಗೆಯ ಪದಕ

40 ಮಿ.ಮೀ. ಅಗಲದ, ಎರಡೂ ಮುಖ ತುಂಬಿದ ತಾಮ್ರದ ಪದಕವನ್ನು 300 ಟನ್ನಿನ ಪ್ರೆಸ್ ಇಲ್ಲದೆ ಒತ್ತಲಾಗದು ಎಂದು ಕಾಸರಗೋಡು, ಮಂಗಳೂರು ಕಡೆಯ ಅಚ್ಚಿನ ಕೆಲಸದವರು ಖಂಡಿತವಾಗಿ ಹೇಳಿದ್ದರು. ಈಗ ಒತ್ತಿ ಆಗಿದೆ. ಬಾಡಿಗೆಗೆ ಸಿಗುವ 150 ಟನ್ನಿನ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ, ಅದನ್ನೂ 130ರ ಮೇಲೆ ಏರಿಸದೆ, ಹಡಗಿನ ಹಗ್ಗವೂ ಕೋಟೆಯ ಕಲ್ಲೂ ಎದ್ದು ಕಾಣುವಂತೆ ಬಂದಿದೆ.

ವಿಷಯ, ಟಿಪ್ಪು ಮಂಗಳೂರು ಕೋಟೆಗೆ ಹಾಕಿದ ಮುತ್ತಿಗೆ: 1783ರ ಮೇ ತಿಂಗಳಿಂದ 1784ರ ಜನವರಿ ಕೊನೆಯವರೆಗೆ. ಒಳಗಿದ್ದದ್ದು ಬ್ರಿಟಿಷರ ಕರ್ನಲ್ ಕ್ಯಾಂಪ್‌ಬೆಲ್‌ನ ಪಡೆ, ಅದಕ್ಕೆ ಅನ್ನ ಬರಬೇಕಾದದ್ದು ಕಡಲಿನಿಂದ. ಆದ್ದರಿಂದ ಒಂದು ಮುಖಕ್ಕೆ ಕೋಟೆ, ಇನ್ನೊಂದಕ್ಕೆ ಹಡಗು. ಹಡಗಿನ ಬದಿಯಲ್ಲಿ ಚಿಕ್ಕದಾಗಿ ಸುಲ್ತಾನ್ ಬತ್ತೇರಿಯೂ ಇದೆ. ಯುದ್ಧನೌಕೆಗಳು ಗುರುಪುರ ಹೊಳೆಯೊಳಗೆ ನುಗ್ಗದಂತೆ ಕಟ್ಟಿಸಿದ ಕಾವಲು ಅದು. ಮುತ್ತಿಗೆ ಕಂಡ ಮಂಗಳೂರಿನ ಕೋಟೆ ಈಗ ಇಲ್ಲದ ಕಾರಣ ಕೊತ್ತಳದ ಬಾಗು, ಮುರಕಲ್ಲಿನ ಮೈ ಎರಡನ್ನೂ ಕಾಸರಗೋಡಿನ ಬೇಕಲ ಕೋಟೆಯಿಂದ ತೆಗೆದುಕೊಂಡದ್ದು. ಕೆಳದಿಯವರು ಕಟ್ಟಿಸಿ, ಮುಂದೆ ಟಿಪ್ಪುವಿನ ಕೈಯಲ್ಲೂ ಇದ್ದ ಕೋಟೆ, ತಪ್ಪಾಗದು.

ಅಚ್ಚಿಗೆ 65 ಮಿ.ಮೀ. ದಪ್ಪದ ಓಎಚ್‌ಎನ್‌ಎಸ್ (ಎಣ್ಣೆಯಲ್ಲಿ ಗಡಸಾಗುವ ಉಕ್ಕು) ಸರಳು. ಸಿಎನ್‌ಸಿ (ಗಣಕ ನಡೆಸುವ) ಯಂತ್ರದಲ್ಲಿ ಕೆತ್ತಿಸಿ, 800 ಡಿಗ್ರಿ ಆಸುಪಾಸಿನಲ್ಲಿ ಕಾಸಿ ಎಣ್ಣೆಗೆ ಇಳಿಸಿದ್ದು. ಮೊದಲ ಜೋಡಿ ಅಕ್ಷರದ ಬುಡದಿಂದಲೇ ಸೀಳಿತು. ಅಕ್ಷರದ ಗೋಡೆ ನೆಟ್ಟಗಿದ್ದು ಬುಡದ ಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಆ ಗೆರೆಯಲ್ಲೇ ಸೇರುತ್ತದೆ, ಹದ ಎಷ್ಟು ಚೆನ್ನಾಗಿದ್ದರೂ ಉಳಿಯದು. ಎರಡನೆಯ ಜೋಡಿಗೆ ಗೋಡೆಗಳಿಗೆ ಹನ್ನೆರಡು ಡಿಗ್ರಿಯಷ್ಟು ಓರೆ, ಬುಡಕ್ಕೆ ಸಣ್ಣ ದುಂಡು ಕೊಟ್ಟು, ಟೆಂಪರ್ ಮಾಡುವ (ಗಡಸಾದ ಅಚ್ಚನ್ನು ಮತ್ತೆ ಹದವಾಗಿ ಕಾಸುವ) ಶಾಖವನ್ನು 200ರಿಂದ 230ಕ್ಕೆ ಏರಿಸಿದ್ದು. ಗಡಸುತನ ತುಸು ಇಳಿಯಿತು, ಅಚ್ಚು ಬದುಕಿತು. ಜೋಡಿಯೊಂದಕ್ಕೆ ಹದವೂ ಸೇರಿ ಇಪ್ಪತ್ತೈದು ಸಾವಿರದ ಮೇಲೆ ಬಿದ್ದಿದೆ. ಸೀಳಿದ ಜೋಡಿಯ ಹಣ ಪೂರ್ತಿ ನಷ್ಟ.

ಸೀಳದ ಅಚ್ಚಿನಲ್ಲೂ ಕೊತ್ತಳದ ನೆತ್ತಿ ತುಂಬಲಿಲ್ಲ. ಒತ್ತಡ ಏರಿಸಿದರೆ ಅಂಚಿನಲ್ಲಿ ಗರಿ ಏಳುತ್ತದೆ, ನೆತ್ತಿ ಹಾಗೆಯೇ ಬೋಳು. ಕಾರಣ ಹಿಂಬದಿಯಲ್ಲಿತ್ತು: ಕೊತ್ತಳದ ಬೆನ್ನಿಗೇ ಹಡಗಿನ ಒಡಲು. ಎರಡೂ ಕಡೆಯ ಗುಳಿಗಳು ಒಂದೇ ಜಾಗದ ತಾಮ್ರವನ್ನು ಎಳೆದಾಗ ಎರಡಕ್ಕೂ ಸಾಲುವುದಿಲ್ಲ. 300 ಟನ್ ಕೇಳುವ ವಿನ್ಯಾಸಗಳ ತೊಂದರೆಯೂ ಬಹುಮಟ್ಟಿಗೆ ಇದೇ. ಹಿಂಬದಿಯ ಅಚ್ಚನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದ ಮೇಲೆ ಹಡಗಿನ ಒಡಲು ಕೋಟೆಯ ಮೇಲಿನ ಬರಿ ಆಕಾಶದ ಹಿಂದೆ ಹೋಯಿತು, ಕೊತ್ತಳದ ಹಿಂದೆ ತೆಳು ಹಾಯಿ ಬಂತು. ಕೊತ್ತಳ 0.55, ಒಡಲು 0.5, ಹಾಯಿ 0.25 ಮಿ.ಮೀ.; ಇದಕ್ಕಿಂತ ಎತ್ತರ ಈ ಪ್ರೆಸ್ಸಿಗೆ ಬೇಡ. ಅಚ್ಚಿನ ಮೈಯನ್ನು ಸಪಾಟಾಗಿ ಬಿಡದೆ ನಡುವೆ ನವಿರಾದ ಉಬ್ಬು ಕೊಟ್ಟರೆ ಲೋಹ ಸರಿಯಾದ ಕಡೆಗೆ ಹರಿಯುತ್ತದೆ. ಆ ಉಬ್ಬಿನ ಅಳತೆಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ, ಅದಕ್ಕೆ ಸಾಕಷ್ಟು ತಾಮ್ರ ಸುರಿದಿದೆ.

ಒತ್ತುವ ಮುಂಚಿನ ಬೋಳು ಬಿಲ್ಲೆ 3 ಮಿ.ಮೀ. ತಗಡಿನದು, ಒತ್ತುವಾಗ ಅದರ ಅಂಚನ್ನು ಹಿಡಿಯುವ ಸುತ್ತುಬಳೆಗಿಂತ 0.3ರಿಂದ 0.4 ಮಿ.ಮೀ. ಕಿರಿದು, ತೂಕ 33 ಗ್ರಾಂ ಹತ್ತಿರ. ತಗಡಿನಲ್ಲಿ ನೂರಕ್ಕೆ ಸುಮಾರು ಮೂವತ್ತು ಪಾಲು ಗುಜರಿಗೆ ಹೋಗುತ್ತದೆ, ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. ಮೂರು ಒತ್ತು, ನಡುನಡುವೆ ಕಾಸುವುದು. ಕತ್ತಲು ಕೋಣೆಯಲ್ಲಿ ಮಂದ ಕೆಂಪು ಕಂಡರೆ ಸಾಕು, 600-650 ಡಿಗ್ರಿ. ಹೊಳಪಿನ ಕೆಂಪಿಗೆ ಹೋದರೆ ಒಳಗಿನ ಹರಳು ದಪ್ಪವಾಗಿ ಮುಂದಿನ ಒತ್ತಿನಲ್ಲಿ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ನೀರಿಗೆ ಅದ್ದಿ, ನೂರಕ್ಕೆ ಹತ್ತು ಪಾಲಿನ ಗಂಧಕಾಮ್ಲದಲ್ಲಿ ಕಪ್ಪು ತೆಗೆದು (ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ), ತೊಳೆದು ಪೂರ್ತಿ ಒಣಗಿಸಬೇಕು. ಎಣ್ಣೆ ಹಚ್ಚುವ ಚಾಳಿ ಇದ್ದವರು ಬಿಡಬೇಕು: ಅಕ್ಷರದ ಗುಳಿಯಲ್ಲಿ ಎಣ್ಣೆ ನಿಂತರೆ ತಾಮ್ರ ಅಲ್ಲಿಗೆ ಇಳಿಯದು, ಅಕ್ಷರ ಮಸುಕು. ಎರಡನೆಯ ಒತ್ತಿಗೆ ಬಿಲ್ಲೆಯನ್ನು ಅಚ್ಚಿಗೆ ಸರಿಯಾಗಿ ಕೂರಿಸಲು ಒಂದು ಗುರುತು ಇದೆ. ನೋಡಿದರೂ ಗೊತ್ತಾಗದಂತೆ ಇಟ್ಟಿದ್ದೇವೆ, ಅದೂ ನಮ್ಮಲ್ಲೇ ಇರಲಿ.

ಹಗ್ಗದ ಗೆರೆ 0.15 ಮಿ.ಮೀ. ಇದ್ದಾಗ ಒಂದೂ ಬರಲಿಲ್ಲ, 0.3ಕ್ಕೆ ಬಂತು. ಹಾಗಾಗಿ ಮೂಲ ಚಿತ್ರದಲ್ಲಿದ್ದ ಹಗ್ಗಗಳಲ್ಲಿ ಆರನ್ನಷ್ಟೇ ಉಳಿಸಿದ್ದು. ತೋಪಿನ ಹೊಗೆಯನ್ನು ಉಬ್ಬಾಗಿ ಕೆತ್ತಿದರೆ ಮುದ್ದೆ ಕಾಣುತ್ತದೆ. ಅಚ್ಚಿನ ಮೇಲೆ ಮರಳು ಊದಿಸಿ ಮಂಕು ಮಾಡಿದ್ದು ಸರಿಹೋಯಿತು. ಕನ್ನಡ ಅಕ್ಷರಕ್ಕೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. "ಮುತ್ತಿಗೆ"ಯ ಒತ್ತಕ್ಷರ ಅಂಚಿನ ಮಣಿಸಾಲಿಗೆ ತಾಗುತ್ತದೆ, ಒತ್ತೂ ಸೇರಿ ಮೂರು ಮಿ.ಮೀ. ಮೇಲೆ ಬಿಡಲೇಬೇಕು.

ಬರಹ "ಮಂಗಳೂರು ಮುತ್ತಿಗೆ 1783-84", ಅಷ್ಟೇ. ಯಾರು ಗೆದ್ದರೆಂದು ಬರೆದಿಲ್ಲ. ಇಂಗ್ಲೆಂಡಿನ ನೌಕಾಧಿಪತಿ ವರ್ನನ್ ಹೆಸರಿನ ಪದಕಗಳನ್ನು ಬಲ್ಲವರಿಗೆ ಕಾರಣ ಹೊಳೆದೀತು. 1739ರಲ್ಲಿ ಆತ ಪೋರ್ಟೊ ಬೆಲ್ಲೊ ಗೆದ್ದದ್ದು ನಿಜ. 1741ರಲ್ಲಿ ಕಾರ್ಟಜೀನಾ ಬಿದ್ದಿತೆಂದು, ಸ್ಪೇನಿನ ಬ್ಲಾಸ್ ದೆ ಲೆಸೊ ಮಂಡಿಯೂರಿದನೆಂದು ಪದಕ ಹೊಡೆದರು, ಆದರೆ ಆ ಮುತ್ತಿಗೆ ಸೋತಿತು. ಸುಳ್ಳು ಲೋಹದಲ್ಲಿ ಉಳಿದಿದೆ. ಆ ಪದಕಗಳ ಪಿಂಚ್‌ಬೆಕ್ ಲೋಹವನ್ನೂ ಎರಕ ಹೊಯ್ದು ನೋಡಿದ್ದಾಯಿತು, ತಾಮ್ರಕ್ಕೆ ನೂರಕ್ಕೆ ಹನ್ನೆರಡರಷ್ಟು ಸತು. ಚಿನ್ನದ ಬಣ್ಣ ಚೆನ್ನ, ಆದರೆ ಒಂದೇ ಒತ್ತಿಗೆ ಗಡುಸಾಗಿ ನಾಲ್ಕನೆಯ ಒತ್ತು ಕೇಳುತ್ತದೆ. ಬೆಳ್ಳಿ ಎಲ್ಲಕ್ಕಿಂತ ಸುಲಭವಾಗಿ ತುಂಬಿತು; ಆಮ್ಲದಿಂದ ಕಬ್ಬಿಣದ ಇಕ್ಕಳದಲ್ಲಿ ತೆಗೆದರೆ ಮಾತ್ರ ಮೈಗೆ ತಾಮ್ರದ ಕೆಂಪು ಅಂಟುತ್ತದೆ.

ಖರ್ಚನ್ನು ನೂರು ಪದಕಕ್ಕೆ ಹಂಚಿದರೆ ಒಂದಕ್ಕೆ ಆರುನೂರು ರೂಪಾಯಿಯ ಆಸುಪಾಸು. ಹೊರಗಿನವರು 500ಕ್ಕಿಂತ ಕಡಿಮೆ ಆರ್ಡರ್ ಒಪ್ಪುತ್ತಲೇ ಇರಲಿಲ್ಲ. ಮುಖಬೆಲೆ, ರೂಪಾಯಿ ಚಿಹ್ನೆ, ಸಿಂಹಲಾಂಛನ ಯಾವುದೂ ಇರಕೂಡದು. ಇದು ಪದಕ, ನಾಣ್ಯವಲ್ಲ.

ಬಣ್ಣ ಹಿಡಿಸುವ ಮೊದಲು ಬಿಂಬುಳಿ ಕಾಯಿಯ ಹುಳಿಯಲ್ಲಿ ತಿಕ್ಕುವುದು ಅಗ್ಗ, ಆದರೆ ಚೆನ್ನಾಗಿ ತೊಳೆಯದಿದ್ದರೆ ಅಕ್ಷರದ ಸಂದಿಯಲ್ಲಿ ಹಸಿರು ಏಳುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬೆರಳಿನ ಗುರುತೂ ಮಳೆಗಾಲ ಮುಗಿಯುವುದರೊಳಗೆ ಕಲೆಯಾಗುತ್ತದೆ. ಒತ್ತಿದ ದಿನವೇ ಕೈಗವಸು ಹಾಕಿ ತೆಳುವಾಗಿ ಮೇಣ ಹಚ್ಚಿ, ಪಿವಿಸಿ ಅಲ್ಲದ ಲಕೋಟೆಗೆ ಸೇರಿಸಬೇಕು. ಪಿವಿಸಿ ತಾಮ್ರವನ್ನು ತಿನ್ನುತ್ತದೆ.