ಹಕ್ಕಲು ಆರಿಸಿದವರ ಜೊತೆ ರೂತಳನ್ನು ಓದಿದ್ದು

ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಕೂಟ ನಡೆಸಲು ಶುರು ಮಾಡಿ ಆರು ವರ್ಷವಾಯಿತು. ಗದಗ ಹತ್ತಿರದ ಹಳ್ಳಿ. ಶುಕ್ರವಾರ ಸಂಜೆ ಹದಿನೈದು ಇಪ್ಪತ್ತು ಜನ ಸೇರುತ್ತೇವೆ. ಹೆಚ್ಚಿನವರು ಹೊಲದ ಕೂಲಿಗೆ ಹೋಗುವವರು. ಅರ್ಧದಷ್ಟು ಮಂದಿಗೆ ಓದಲು ಬರುವುದಿಲ್ಲ.

ಮೊದಲ ವರ್ಷ ನಾನು ಮಾಡಿದ್ದು ಇಷ್ಟೇ. ನೋಟ್‌ಬುಕ್‌ನಲ್ಲಿ ಬರೆದುಕೊಂಡು ಹೋಗಿ ಓದಿ ಹೇಳುವುದು. ಒಂದು ವಾರ ಬೈಬಲಿನ ಸಾರಳ ವಿಧೇಯತೆ, ಇನ್ನೊಂದು ವಾರ ಮರಿಯಳ ವಿಧೇಯತೆ. ಕೊನೆಗೆ ಮಾತ್ರ ಒಂದೇ ಮಾತು: ನಾವೂ ಹಾಗೇ ಇರೋಣ. ಎಲ್ಲರೂ ಆಮೆನ್ ಅನ್ನುತ್ತಿದ್ದರು. ಹಿಂದಿನ ಸಾಲಿನವರು ತೂಕಡಿಸುತ್ತಿದ್ದರು. ಪಾಪ, ಇಡೀ ದಿನ ಕಳೆ ತೆಗೆದು ಬಂದವರು.

ಒಂದು ಶುಕ್ರವಾರ ಒಬ್ಬಾಕೆ ಕೇಳಿಯೇಬಿಟ್ಟಳು. "ಅಕ್ಕಾರ, ಮಾತು ಕೇಳ್ಕೊಂಡು ಇರ್ರಿ ಅಂತೀರಿ. ನಮ್ಮ ಮನಿಯವ್ರು ಕುಡ್ಯಾಕ ನನ್ನ ಕೂಲಿ ರೊಕ್ಕ ಕೇಳ್ತಾರ. ಕೊಡಬೇಕೇನ್ರಿ?"

ನನ್ನ ನೋಟ್‌ಬುಕ್‌ನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಪ್ರಾರ್ಥನೆ ಮಾಡೋಣ ಅಂದೆ. ಅದು ಜಾರಿಕೊಳ್ಳುವ ಮಾತು ಅಂತ ಅವಳಿಗೂ ಗೊತ್ತಾಯಿತು, ನನಗೂ.

ಆವತ್ತಿನಿಂದ ನೋಟ್‌ಬುಕ್ ಬಿಟ್ಟೆ. ಬೈಬಲಿನಲ್ಲಿ ಒಬ್ಬ ಹೆಂಗಸಿನ ಕಥೆ ಇರುವ ಅಧ್ಯಾಯವನ್ನು ಪೂರ್ತಿಯಾಗಿ, ಗಟ್ಟಿಯಾಗಿ ಓದುವುದು. ಓದಿ ಮುಗಿದ ಮೇಲೆ ಎರಡೇ ಪ್ರಶ್ನೆ. ಈಕೆ ಯಾರ ಮಾತು ಕೇಳಿದಳು? ಯಾರ ಮಾತು ಕೇಳಲಿಲ್ಲ? ಎರಡನೆಯದನ್ನು ನಾನು ಅದುವರೆಗೆ ನನ್ನನ್ನೇ ಕೇಳಿಕೊಂಡಿರಲಿಲ್ಲ.

ಬೈಬಲಿನ ರೂತಳ ಪುಸ್ತಕದಿಂದ ಶುರು ಮಾಡಿದೆವು. ನಾಲ್ಕೇ ಅಧ್ಯಾಯ, ನಾಲ್ಕು ಶುಕ್ರವಾರ. ಮೊದಲನೇ ಅಧ್ಯಾಯದಲ್ಲೇ ನಾನು ಎಡವಿದೆ. ವಿಧೇಯ ಸೊಸೆ ಅಂತ ನಾನು ಹೊಗಳುತ್ತಾ ಬಂದವಳು ಅತ್ತೆಯ ಮಾತನ್ನೇ ಮೀರುತ್ತಾಳೆ! ಗಂಡಂದಿರನ್ನು ಕಳೆದುಕೊಂಡ ಇಬ್ಬರು ಸೊಸೆಯರಿಗೆ, ತವರಿಗೆ ಹೋಗಿ ಅಂತ ಅತ್ತೆ ನೊವೊಮಿ ಮತ್ತೆ ಮತ್ತೆ ಹೇಳುತ್ತಾಳೆ. ಆ ಮಾತು ಕೇಳಿ, ಅತ್ತು, ಮುದ್ದಿಟ್ಟು ಹೋದವಳು ಇನ್ನೊಬ್ಬ ಸೊಸೆ ಒರ್ಫಾ. ರೂತಳು ಜಗ್ಗಲಿಲ್ಲ. 'ನಿನ್ನ ಜನವೇ ನನ್ನ ಜನ, ನಿನ್ನ ದೇವರೇ ನನ್ನ ದೇವರು' ಎಂಬುದು ಅತ್ತೆಗೆ ಎದುರಾಡಿದ ಮಾತು. ಅದೇ ರೂತಳು ಮೂರನೇ ಅಧ್ಯಾಯದಲ್ಲಿ, ನೀನು ಹೇಳಿದ್ದನ್ನೆಲ್ಲ ಮಾಡುತ್ತೇನೆ ಅನ್ನುತ್ತಾಳೆ. ಎರಡೂ ಅವಳೇ.

ಎರಡನೇ ವಾರ ಹಕ್ಕಲಿನ ಕಥೆ, ಅಂದರೆ ಕೊಯ್ಲಾದ ಹೊಲದಲ್ಲಿ ಉಳಿದ ತೆನೆ ಆರಿಸುವ ಕಥೆ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಹಕ್ಕಲನ್ನು ಬಡವರಿಗೂ ಪರದೇಶಿಗೂ ಬಿಡಿ ಎಂಬ ಕಟ್ಟಳೆ ಬೈಬಲಿನ ಯಾಜಕಕಾಂಡ 19ರಲ್ಲಿದೆ. ಅದನ್ನು ವಿವರಿಸಲು ಹೊರಟಿದ್ದೆ. ಪೇಟೆಯಲ್ಲಿ ಬೆಳೆದವಳು ನಾನು. ಅವರೇ ನನಗೆ ವಿವರಿಸಿದರು. ಜೋಳದ ಹೊಲದಲ್ಲಿ ಹೇಗೆ, ಕಡಲೆ ಹೊಲದಲ್ಲಿ ಹೇಗೆ, ಯಾವ ಮಾಲೀಕ ಕಂಡೂ ಕಾಣದಂತೆ ಇರುತ್ತಾನೆ, ಯಾರು ಬೈದು ಅಟ್ಟುತ್ತಾನೆ, ಎಲ್ಲ.

ಓದುವ ಮೊದಲೇ ಒಂದು ಲೆಕ್ಕ ಹೇಳಿದ್ದೆ. ರೂತಳು ಸಂಜೆ ತೆನೆ ಬಡಿದಾಗ ಸಿಕ್ಕಿದ ಜವೆಗೋಧಿ ಆ ಕಾಲದ ಅಳತೆಯಲ್ಲಿ ಸುಮಾರು ಒಂದು ಏಫಾ, ಅಂದರೆ ಹತ್ತಿರ ಹತ್ತಿರ 22 ಲೀಟರ್. ತೋರಿಸೋಣ ಅಂತ ನೀರಿನ ಕೊಡ ತಂದಿದ್ದೆ. ಇದರಲ್ಲಿ ಒಂದು ಕೊಡ ತುಂಬಿ ಇನ್ನೂ ಮಿಗುತ್ತದೆ ಅಂದೆ.

ಒಬ್ಬ ಅಜ್ಜಿ ಕೊಡವನ್ನೇ ನೋಡುತ್ತಾ ಅಂದರು, "ಅಷ್ಟು ಸಿಗಂಗಿಲ್ಲವಾ. ಒಂದ ದಿನದಾಗ, ಒಬ್ಬಾಕಿಗೆ? ಯಾರೋ ಬೇಕಂತ ಬಿಟ್ಟಾರ."

ಆಮೇಲೆ ಓದಿದೆವು. 16ನೇ ವಚನ. ಕಟ್ಟುಗಳಿಂದ ತೆನೆ ಕಿತ್ತು ಬಿಡಿ, ಅವಳು ಆರಿಸಿಕೊಳ್ಳಲಿ, ಗದರಿಸಬೇಡಿ ಅಂತ ಹೊಲದ ಮಾಲೀಕ ಬೋವಜ ಆಳುಗಳಿಗೆ ಹೇಳುತ್ತಾನೆ. ಎಷ್ಟು ಸಲ ಓದಿದ್ದೆನೋ ಆ ವಚನವನ್ನು. ಅಜ್ಜಿಗೆ ಓದದೆಯೇ ಗೊತ್ತಾಗಿತ್ತು. ಇದನ್ನು ರೂತಳಿಗೆ ಹೇಳಿದ ಹಾಗೆ ಕಥೆಯಲ್ಲಿಲ್ಲ. ಅವಳ ಮಟ್ಟಿಗೆ ಅದು ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಂಡ ಒಂದು ದಿನ, ಅಷ್ಟೇ. ನಂಬಿಕೆ ಅಂದಾಗ ನನಗೆ ಈಗ ಮೊದಲು ನೆನಪಾಗುವುದು ಆ ಸೊಂಟ.

ಅದೇ ಅಜ್ಜಿ ಹಿಂದೆ ಸೂಲಗಿತ್ತಿಯಾಗಿದ್ದವರು. ಹಾಗಾಗಿ ವಿಮೋಚನಕಾಂಡದ ಮೊದಲ ಅಧ್ಯಾಯ ಅವರ ಪಾಲಿಗೇ ಬಿಟ್ಟೆ. ಇಸ್ರಾಯೇಲ್ಯರಿಗೆ ಹುಟ್ಟುವ ಗಂಡು ಕೂಸುಗಳನ್ನು ಕೊಲ್ಲಿ ಅಂತ ಫರೋಹ, ಅಂದರೆ ಐಗುಪ್ತದ ಅರಸ, ಹೇಳಿದ. ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರು ದೇವರಿಗೆ ಹೆದರಿ ಕೊಲ್ಲಲಿಲ್ಲ. "ಆ ಅರಸಂದು ಹೆಸರಿಲ್ಲೇನು?" ಅಂತ ಅಜ್ಜಿ ಕೇಳಿದರು. ಇಲ್ಲ ಅಂದೆ. "ಚಲೋ ಆತು" ಅಂದರು.

ಎಲ್ಲ ಪಾಠವೂ ಹೀಗೆ ಕೂಡಿಬರಲಿಲ್ಲ. ಬರಗಾಲದಲ್ಲಿ ಒಂದು ಹಿಡಿ ಹಿಟ್ಟು ಮಾತ್ರ ಉಳಿದಿದ್ದ ಚಾರೆಪ್ತದ ವಿಧವೆಯ ಕಥೆಗೆ ಅಷ್ಟೇ ಹಿಟ್ಟು ತಂದು ತಟ್ಟೆಯಲ್ಲಿಟ್ಟಿದ್ದೆ. ಅದನ್ನು ನೋಡಿ ಒಬ್ಬಾಕೆ ಅಳುತ್ತಾ ಎದ್ದು ಹೋದಳು. ಅಂಥ ದಿನ ಕಂಡವಳು. ಇನ್ನೆಂದೂ ಹಿಟ್ಟು ಒಯ್ದಿಲ್ಲ. ಈ ಕಥೆ ಹೇಳಿ ಕಾಣಿಕೆ ಕೇಳುವವರನ್ನೂ ನೋಡಿದ್ದೇನೆ. ನನಗದು ಸರಿ ಕಾಣುವುದಿಲ್ಲ. ಮೊದಲು ನನಗೊಂದು ರೊಟ್ಟಿ ಮಾಡು ಅಂತ ಆ ವಿಧವೆಗೆ ಹೇಳಿದ ಪ್ರವಾದಿ ಎಲೀಯ ಆಮೇಲೆ ಅದೇ ಮನೆಯಲ್ಲಿ, ಅದೇ ಹಿಟ್ಟು ಉಂಡುಕೊಂಡು ಇದ್ದ. ಕಾಣಿಕೆ ತೆಗೆದುಕೊಂಡು ಕಾರು ಹತ್ತಲಿಲ್ಲ. ಜ್ಞಾನೋಕ್ತಿ 31ರ ಗುಣವತಿಯನ್ನಂತೂ ಕೈಬಿಟ್ಟೆ. ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ ಅಂತ ಓದಿದರೆ ಎಲ್ಲರೂ ನಕ್ಕರು. ಇವರು ಏಳುವುದೂ ಆಗಲೇ ಅಲ್ವಾ.

ಮೊದಲು ಪ್ರಶ್ನೆ ಕೇಳಿದವಳನ್ನು ನಾನು ಮರೆತಿರಲಿಲ್ಲ. ಎಂಟು ತಿಂಗಳಾದ ಮೇಲೆ ಅವಳಿಗೋಸ್ಕರವೇ 1 ಸಮುವೇಲ 25 ತೆಗೆದೆ. ನಾಬಾಲ ದೊಡ್ಡ ಆಸ್ತಿವಂತ, ಮಹಾ ಒರಟ. ಮುಂದೆ ಅರಸನಾಗುವ ದಾವೀದನ ಆಳುಗಳಿಗೆ ಅವಮಾನ ಮಾಡಿ ಕಳಿಸುತ್ತಾನೆ. ದಾವೀದ 400 ಜನರ ಜೊತೆ ಕತ್ತಿ ಕಟ್ಟಿ ಹೊರಡುತ್ತಾನೆ. ನಾಬಾಲನ ಹೆಂಡತಿ ಅಬೀಗೈಲಳು 200 ರೊಟ್ಟಿ, ಅಡಿಗೆಗೆ ಸಿದ್ಧವಾದ ಐದು ಕುರಿ, ದ್ರಾಕ್ಷಾರಸ, ಹುರಿದ ಕಾಳು ಎಲ್ಲ ಕತ್ತೆಗಳ ಮೇಲೆ ಹೇರಿಸಿ ಎದುರಿಗೆ ಹೋಗುತ್ತಾಳೆ. ಗಂಡನಿಗೆ ಹೇಳುವುದಿಲ್ಲ. ವಾಪಸ್ ಬಂದಾಗ ಅವನು ಚೆನ್ನಾಗಿ ಕುಡಿದಿರುತ್ತಾನೆ. ಬೆಳಗಾಗುವವರೆಗೂ ಅವಳು ತುಟಿ ಬಿಚ್ಚುವುದಿಲ್ಲ.

ಯಾರ ಮಾತು ಕೇಳಿದಳು ಅಂತ ಕೇಳಿದೆ. ದೇವರ ಮಾತು ಅಂದರು ಕೆಲವರು. "ಇಲ್ರಿ, ಆಳಿನ ಮಾತು" ಅಂದಳು ಅವಳು. ಪುಸ್ತಕ ನೋಡಿದೆ. ಸರಿಯೇ. ಅಪಾಯ ಬರುತ್ತಿದೆ ಅಂತ ಅವಳಿಗೆ ಹೇಳಿದವನು ಒಬ್ಬ ಆಳು.

ಕೂಟ ಮುಗಿದ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ ಅಂದಳು, "ಅಕ್ಕಾರ, ಎರಡ ತಿಂಗಳಾತ್ರಿ, ನನ್ನ ರೊಕ್ಕ ಸಂಘದಾಗ ಕಟ್ಟಾಕತ್ತೀನಿ. ಅವ್ರಿಗೆ ಹೇಳಿಲ್ಲ."

"ಯಾವಾಗ ಹೇಳ್ತಿ?"

"ಬೆಳಕ ಹರೀಲಿ ತಡೀರಿ" ಅಂದಳು.